ಪದ ಪರಿಚಯ: ಖಿನ್ನತೆ

‘ಇಷ್ಟು ದೊಡ್ಡ ಕಾಯಿಲೆ ಬಂದ ಮೇಲೆ ಖಿನ್ನತೆ ಸಹಜ ಬಿಡಿ.’ ಈ ಮಾತು ಕಳೆದ ವಾರ ಮತ್ತೆ ಕಿವಿಗೆ ಬಿತ್ತು. ಈ ಸಲ ಕಿಮೋಥೆರಪಿ ನಡೆಯುತ್ತಿರುವ ಒಬ್ಬರ ಬಗ್ಗೆ, ಅವರ ಮನೆಯವರೇ ಆಡಿದ್ದು. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಆ ಕೊನೆಯ ಎರಡು ಪದ ಕೇಳಿದರೆ ನನಗೆ ಸಂಕಟವಾಗುತ್ತದೆ. ‘ಸಹಜ’ ಅಂದ ಕೂಡಲೇ ಅದರ ಹಿಂದೆ ‘ಬಿಡಿ’ ಬಂದೇ ಬರುತ್ತದೆ. ಅಲ್ಲಿಗೆ ಚಿಕಿತ್ಸೆಯ ಮಾತು ಮುಗಿಯಿತು.

ಖಿನ್ನತೆಯ ಬೇರು ಸಂಸ್ಕೃತದ ‘ಖಿದ್’ ಧಾತು. ಅದುಮು, ನೋಯು, ದಣಿ ಅಂತೆಲ್ಲ ಅದಕ್ಕೆ ಅರ್ಥ. ಭಿದ್‌ನಿಂದ ಭಿನ್ನ, ಛಿದ್‌ನಿಂದ ಛಿನ್ನ ಆದ ಹಾಗೆ ಖಿದ್‌ನಿಂದ ಖಿನ್ನ. ನಾವು ಸಂತಾಪ ಸೂಚಿಸುವಾಗ ಬಳಸುವ ‘ಖೇದ’ವೂ ಇದೇ ಬೇರಿನದು. ಆ ನಂಟಿನಿಂದಲೋ ಏನೋ, ಖಿನ್ನ ಅಂದರೆ ಅಳುಮುಖ ಅಂತ ನಮಗೆ ಅನ್ನಿಸಿಬಿಟ್ಟಿದೆ. ಮೇಘದೂತದಲ್ಲಿ ಯಕ್ಷ ಮೋಡಕ್ಕೆ ದಾರಿ ಹೇಳುತ್ತಾ, ಖಿನ್ನನಾದಾಗಲೆಲ್ಲ ಬೆಟ್ಟದ ತುದಿಯಲ್ಲಿ ಕಾಲೂರಿ ಮುಂದೆ ಸಾಗು ಅನ್ನುತ್ತಾನೆ. ಅಲ್ಲಿ ಮೋಡಕ್ಕೆ ಆಗಿರುವುದು ದಣಿವು. ಇಂಗ್ಲಿಷಿನ ಡಿಪ್ರೆಶನ್ ಪದದ ಮೂಲದಲ್ಲೂ ಇರುವುದು ಕೆಳಕ್ಕೆ ಅದುಮುವುದೇ. ನಮ್ಮ ಮನೆಮಾತಿನಲ್ಲಿ ‘ತುಂಬಾ ಕುಗ್ಗಿ ಹೋಗಿದ್ದಾರೆ’ ಅನ್ನುತ್ತೇವೆ. ಮೂರು ಭಾಷೆ, ಚಿತ್ರ ಒಂದೇ: ಮೇಲೊಂದು ಭಾರ, ಅದರಡಿ ಏಳಲಾಗದ ಜೀವ. ಕಣ್ಣೀರು ಈ ಚಿತ್ರದಲ್ಲಿ ಎಲ್ಲೂ ಇಲ್ಲ.

ಇದನ್ನು ನಾನು ಚಿಕ್ಕಪ್ಪನನ್ನು ನೋಡಿ ಕಲಿತೆ. ಅವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ನೀರಿಗೂ ಲೆಕ್ಕ, ಕಾಫಿಗೂ ಲೆಕ್ಕ. ಮೊದಮೊದಲು ಅರ್ಧ ಲೋಟ ಜಾಸ್ತಿ ಕಾಫಿಗಾಗಿ ಚಿಕ್ಕಮ್ಮನ ಹತ್ತಿರ ದಿನಾ ಜಗಳ. ಒಂದು ದಿನ ಆ ಜಗಳ ನಿಂತಿತು. ಪದಬಂಧಕ್ಕೆ ಅಂತ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಪೆನ್ನು ಕಪಾಟಿನ ಮೇಲೇ ಉಳಿಯಿತು. ‘ಪಾಪ, ಹೊಂದಿಕೊಂಡುಬಿಟ್ಟರು’ ಅಂದೆವು. ಎಷ್ಟು ದೊಡ್ಡ ತಪ್ಪು! ಆಮೇಲೆ ಒಂದು ದಿನ ಡಯಾಲಿಸಿಸ್‌ಗೆ ಹೊರಡುವ ಹೊತ್ತಿಗೆ ಚಪ್ಪಲಿ ಹಾಕಿಕೊಳ್ಳದೆ ಸುಮ್ನೆ ಕೂತುಬಿಟ್ಟರು. ‘ನನ್ನಿಂದ ನಿಮಗೆಲ್ಲ ಯಾಕೆ ತೊಂದರೆ’ ಅಂದರು. ಅವರು ಒಮ್ಮೆಯೂ ಅತ್ತಿರಲಿಲ್ಲ.

ಆಗ ಒಬ್ಬ ವೈದ್ಯರೂ ‘ಸಹಜ’ ಅಂದೇ ಹೇಳಿ ಕಳಿಸಿದ್ದರು. ಕಿಡ್ನಿ ಕೆಟ್ಟವರಿಗೆ ರಕ್ತ ಕಡಿಮೆಯಾಗುವುದೂ ಸಹಜವೇ ಅಲ್ವಾ? ರಕ್ತ ಹುಟ್ಟಿಸಲು ಬೇಕಾದ ಎರಿತ್ರೊಪೊಯೆಟಿನ್ ಹಾರ್ಮೋನನ್ನು ಕಿಡ್ನಿ ಸಾಕಷ್ಟು ಮಾಡುವುದಿಲ್ಲ, ಹಾಗಾಗಿ ಹಿಮೋಗ್ಲೋಬಿನ್ ಇಳಿಯುತ್ತದೆ. ಕಾರಣ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಇಂಜೆಕ್ಷನ್ ಕೊಡುತ್ತಾರೆ. ‘ಸಹಜ ಬಿಡಿ’ ಅಂತ ಯಾರೂ ಅನ್ನುವುದಿಲ್ಲ. ಮನಸ್ಸಿನ ವಿಷಯ ಬಂದಾಗ ಮಾತ್ರ ಕಾರಣ ಗೊತ್ತಾದರೆ ಕಾಯಿಲೆಯೇ ಅಲ್ಲ ಅಂದುಬಿಡುತ್ತೇವೆ. ದುಃಖ ಸಹಜ, ಭಯ ಸಹಜ. ಎರಡು ವಾರಕ್ಕೂ ಜಾಸ್ತಿ ದಿನ, ದಿನದ ಹೆಚ್ಚು ಹೊತ್ತು ಏನೂ ಬೇಡ ಅನ್ನಿಸಿಕೊಂಡು ಕೂರುವುದಕ್ಕೆ ಮದ್ದು ಬೇಕು. ಚಿಕ್ಕಪ್ಪನಿಗೆ ಬೇರೊಬ್ಬ ವೈದ್ಯರು ಕಿಡ್ನಿಯ ಸ್ಥಿತಿ ನೋಡಿಕೊಂಡು ಮಾತ್ರೆ ಕೊಟ್ಟರು, ಜೊತೆಗೆ ಆಪ್ತಸಮಾಲೋಚನೆ. ಕಾಫಿ ಜಗಳ ವಾಪಸ್ ಬಂದ ದಿನ ಚಿಕ್ಕಮ್ಮ ಅಡುಗೆಮನೆಯಲ್ಲಿ ನಿಂತು ಅತ್ತರು.

ಗುರುತಿಸುವುದು ಕಷ್ಟ ಅನ್ನುವುದು ನಿಜ. ಸುಸ್ತು, ನಿದ್ದೆಗೇಡು, ಹಸಿವಿಲ್ಲದಿರುವುದು ಖಿನ್ನತೆಯ ಲಕ್ಷಣಗಳೂ ಹೌದು, ಕ್ಯಾನ್ಸರ್, ಕಿಡ್ನಿ, ಹೃದಯದ ಕಾಯಿಲೆಯ ಲಕ್ಷಣಗಳೂ ಹೌದು. ಅದಕ್ಕೇ 1983ರಲ್ಲಿ ಜಿಗ್ಮಂಡ್ ಮತ್ತು ಸ್ನೇತ್ ಅನ್ನುವ ಇಬ್ಬರು ವೈದ್ಯರು ಆಸ್ಪತ್ರೆಯ ರೋಗಿಗಳಿಗೆಂದೇ 14 ಪ್ರಶ್ನೆಗಳ ಪಟ್ಟಿ ಮಾಡಿದರು. ಏಳು ಆತಂಕದ ಬಗ್ಗೆ, ಏಳು ಖಿನ್ನತೆಯ ಬಗ್ಗೆ. ಇಂಥ ಮೈಯ ಲಕ್ಷಣಗಳನ್ನು ಬೇಕೆಂದೇ ಹೊರಗಿಟ್ಟರು. ಮನೆಯಲ್ಲಿ ನಾವೂ ಊಟ, ನಿದ್ದೆಯ ಆಚೆಗೆ ನೋಡಬೇಕು: ಮೊದಲು ಇಷ್ಟವಾಗುತ್ತಿದ್ದುದು ಈಗಲೂ ಇಷ್ಟವಾಗುತ್ತಿದೆಯಾ? ‘ನಾನು ಹೊರೆ’ ಅನ್ನುತ್ತಾರಾ?

ಕೆಲವು ಸಲ ಔಷಧಿಯೇ ಕಾರಣವಾಗಿರಬಹುದು. ಸ್ಟೀರಾಯ್ಡ್, ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಸೈಕ್ಲೊಸೆರಿನ್ ಮನಸ್ಸನ್ನು ಕದಡಬಲ್ಲವು. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಹೃದಯಾಘಾತದ ನಂತರದ ಖಿನ್ನತೆಯನ್ನು ಪ್ರಾಣಾಪಾಯ ಹೆಚ್ಚಿಸುವ ಅಂಶ ಅಂತಲೇ ಎಣಿಸಬೇಕು ಅಂತ ಅಮೆರಿಕದ ಹೃದ್ರೋಗ ಸಂಘ 2014ರಲ್ಲಿ ಹೇಳಿತು. ಇವರಿಗೆಲ್ಲ ನಾವು ಹೇಳುವುದು ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’.

‘ಕಾಯಿಲೆಯಿಂದ ಮನನೊಂದು’, ‘ಜೀವನದಲ್ಲಿ ಜಿಗುಪ್ಸೆಗೊಂಡು’ ಅಂತ ಶುರುವಾಗುವ ಆತ್ಮಹತ್ಯೆಯ ಸುದ್ದಿಗಳನ್ನು ಎಷ್ಟು ಓದಿಲ್ಲ ನಾವು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಲ್ಲಿ, ದೇಶದ ಆತ್ಮಹತ್ಯೆಗಳ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆ ಬಿಟ್ಟರೆ ಕಾಯಿಲೆಗೇ ಎರಡನೇ ಸ್ಥಾನ, ಶೇ 18.4. ಅದರೊಳಗೆ ಕ್ಯಾನ್ಸರ್‌ಗೊಂದು ಸಾಲು, ಪಾರ್ಶ್ವವಾಯುವಿಗೊಂದು ಸಾಲು, ಮಾನಸಿಕ ಕಾಯಿಲೆಗೊಂದು ಸಾಲು. ಮೈಯ ಕಾಯಿಲೆ, ಮನಸ್ಸಿನ ಕಾಯಿಲೆ ಎರಡೂ ಒಟ್ಟಿಗೆ ಇದ್ದವರಿಗೆ ಸಾಲಿಲ್ಲ. ಮನನೊಂದು, ಜಿಗುಪ್ಸೆಗೊಂಡು ಅಂತ ಬರೆಯುವ ಎಷ್ಟೋ ಕಡೆ ಬರಬೇಕಾದ ಪದ ಖಿನ್ನತೆ. ಬೇಕಾದ ಕಡೆ ಅದನ್ನು ಬಳಸದೆ, ಪಂದ್ಯ ಸೋತಾಗ ‘ಎರಡು ದಿನ ಖಿನ್ನತೆಗೆ ಜಾರಿದ್ದೆ’ ಅಂತ ಬರೆಯುತ್ತೇವೆ. ಅದಕ್ಕೆ ಬೇಸರ ಸಾಕು.

ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಬಿಪಿ, ಶುಗರ್ ಹೇಳುವ ಜಾಗದಲ್ಲೇ ಇದನ್ನೂ ಹೇಳಿ: ‘ಮೂರು ವಾರದಿಂದ ಪೇಪರ್ ಮುಟ್ಟಿಲ್ಲ, ಹೊರೆ ಅಂತಾರೆ.’ ‘ಸಹಜ’ ಅಂತ ಉತ್ತರ ಬಂದರೆ, ‘ಹೌದು, ಇದಕ್ಕೆ ಏನು ಮಾಡೋಣ?’ ಅಂತ ಕೇಳಿ. ಆಸ್ಪತ್ರೆ ದೂರ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಹೊತ್ತೂ ಎತ್ತುತ್ತಾರೆ.