ಎಸ್ಪೆರಾಂಟೊ: ಹದಿನಾರು ನಿಯಮ, ಮುಗಿಯದ ತಕರಾರು

ಎಸ್ಪೆರಾಂಟೊ ಭಾಷೆಯಲ್ಲಿ 'ಅವನು' ಅನ್ನಲು 'ಲಿ', 'ಅವಳು' ಅನ್ನಲು 'ಶಿ'. ಗಂಡೋ ಹೆಣ್ಣೋ ಹೇಳುವ ಅಗತ್ಯ ಇಲ್ಲದಾಗ ಏನನ್ನಬೇಕು? ಈಗಿನ ಯುವಕರಲ್ಲಿ ಅನೇಕರು 'ರಿ' ಅನ್ನುತ್ತಾರೆ. ಹಳಬರಲ್ಲಿ ಹಲವರಿಗೆ ಇದು ಒಪ್ಪಿಗೆಯಿಲ್ಲ. ಒಬ್ಬ ಮನುಷ್ಯ ಕೂತು ಕಟ್ಟಿದ ಭಾಷೆ ತಾನೇ, ಬೇಕಾದ್ದನ್ನು ಸೇರಿಸಿ ಬೇಡದ್ದನ್ನು ಬಿಟ್ಟರೆ ಮುಗಿಯಿತು ಅಲ್ವಾ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಅದು ಯಾಕೆ ಅಷ್ಟು ಸಲೀಸಲ್ಲ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಸ್ಪೆರಾಂಟೊ ಕಟ್ಟಿದ ಲುಡ್ವಿಕ್ ಜಾಮೆನ್‌ಹಾಫ್ ಕಣ್ಣಿನ ವೈದ್ಯ. ಹುಟ್ಟಿದ್ದು 1859ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ, ಈಗ ಪೋಲೆಂಡಿನಲ್ಲಿರುವ ಬ್ಯಾಲಿಸ್ಟಾಕ್ ಊರಲ್ಲಿ. ಅಲ್ಲಿ ಯಿಡ್ಡಿಶ್, ಪೋಲಿಶ್, ರಷ್ಯನ್, ಜರ್ಮನ್ ಆಡುವವರು ಅಕ್ಕಪಕ್ಕದಲ್ಲೇ ಇದ್ದರೂ ಪರಸ್ಪರ ಅನುಮಾನದಿಂದ ಬದುಕುತ್ತಿದ್ದರು. ಎಲ್ಲರಿಗೂ ಸಮಾನವಾದ ಎರಡನೇ ಭಾಷೆಯೊಂದು ಬೇಕು ಎಂಬ ಆಸೆ ಆತನಲ್ಲಿ ಹುಟ್ಟಿದ್ದು ಅಲ್ಲೇ. 1887ರಲ್ಲಿ ವಾರ್ಸಾದಲ್ಲಿ ಒಂದು ಚಿಕ್ಕ ಪುಸ್ತಕ ಬಂತು. ಅದರಲ್ಲಿದ್ದದ್ದು ಹದಿನಾರು ವ್ಯಾಕರಣ ನಿಯಮ ಮತ್ತು ಸುಮಾರು ಒಂಬೈನೂರು ಧಾತುಗಳು. ಭಾಷೆಯ ಮೇಲೆ ತನಗೆ ಯಾವ ಹಕ್ಕೂ ಇಲ್ಲ ಎಂದು ಅದರಲ್ಲೇ ಬರೆದುಕೊಟ್ಟಿದ್ದ.

ವ್ಯಾಕರಣ ಅಚ್ಚುಕಟ್ಟು. ನಾಮಪದ 'ಒ'ದಿಂದ ಮುಗಿಯುತ್ತದೆ, ಗುಣವಾಚಕ 'ಆ'ದಿಂದ, ಕ್ರಿಯಾವಿಶೇಷಣ 'ಎ'ಯಿಂದ. ಕ್ರಿಯಾಪದಕ್ಕೆ ಈಗಿನ ಕಾಲಕ್ಕೆ 'ಆಸ್', ಆಗಿಹೋದದ್ದಕ್ಕೆ 'ಇಸ್', ಮುಂದಾಗುವುದಕ್ಕೆ 'ಓಸ್'. ನಾನು, ನೀನು, ಅವರು ಎಂದು ಕ್ರಿಯಾಪದ ಬದಲಾಗುವುದೇ ಇಲ್ಲ. ಪದ ಕಟ್ಟುವ ರೀತಿ ಇನ್ನೂ ಚೆಂದ. 'ಸಾನಾ' ಅಂದರೆ ಆರೋಗ್ಯವಂತ. ಮುಂದೆ 'ಮಾಲ್' ಹಚ್ಚಿದರೆ ಉಲ್ಟಾ, ಅಂದರೆ ಕಾಯಿಲೆಯ. ವ್ಯಕ್ತಿಯನ್ನು ಹೇಳುವ 'ಉಲ್' ಸೇರಿಸಿದರೆ 'ಮಾಲ್‌ಸಾನುಲೊ', ರೋಗಿ. ಜಾಗವನ್ನು ಹೇಳುವ 'ಎಯ್' ಸೇರಿಸಿದರೆ 'ಮಾಲ್‌ಸಾನುಲೆಯೊ', ಆಸ್ಪತ್ರೆ. ಒಂದು ಧಾತು ಕಲಿತರೆ ಹತ್ತು ಪದ ತಾನಾಗಿ ಬರುತ್ತದೆ.

ತಕರಾರು ಬಂದದ್ದು ಮುಖ್ಯವಾಗಿ ಮೂರು ಕಡೆ. ಒಂದು, ಟೋಪಿ ಹಾಕಿದ ಅಕ್ಷರಗಳು. 'ಸಿ' ಮೇಲೆ ಟೋಪಿ ಇಟ್ಟರೆ 'ಚ', 'ಎಸ್' ಮೇಲೆ ಇಟ್ಟರೆ 'ಶ'. ಬಹಳಷ್ಟು ಅಚ್ಚುಕೂಟಗಳಲ್ಲಿ ಇಂಥ ಮೊಳೆಗಳೇ ಇರಲಿಲ್ಲ. ಎರಡನೆಯದು, ಕರ್ಮಪದದ ಕೊನೆಯಲ್ಲಿ ಬರುವ 'ನ್'. 'ಲಾ ಹುಂದೊ ಮೊರ್ದಿಸ್ ಲಾ ವೀರೊನ್' ಅಂದರೂ 'ಲಾ ವೀರೊನ್ ಮೊರ್ದಿಸ್ ಲಾ ಹುಂದೊ' ಅಂದರೂ ಕಚ್ಚಿದ್ದು ನಾಯಿ, ಕಚ್ಚಿಸಿಕೊಂಡದ್ದು ಮನುಷ್ಯ. 'ಮನುಷ್ಯನನ್ನು ನಾಯಿ ಕಚ್ಚಿತು' ಎಂದು ದಿನವೂ ಮಾತಾಡುವ ನಮಗೆ ಇದರಲ್ಲಿ ಕಷ್ಟವೇನಿಲ್ಲ. ಫ್ರೆಂಚರಿಗೆ, ಇಂಗ್ಲಿಷರಿಗೆ ಇದು ತಲೆನೋವು. ಮೂರನೆಯದು ನಮಗೂ ವಿಚಿತ್ರವೇ: ಮನೆಗಳು ಅನೇಕವಾದರೆ 'ದೊಡ್ಡ' ಎಂಬ ಪದಕ್ಕೂ ಬಹುವಚನ ಹಚ್ಚಬೇಕು.

ಇವನ್ನು ಸರಿಮಾಡಿ ಎಂಬ ಒತ್ತಾಯ ಜಾಸ್ತಿಯಾದಾಗ, 1894ರಲ್ಲಿ ಜಾಮೆನ್‌ಹಾಫ್ ತಾನೇ ಒಂದು ತಿದ್ದುಪಡಿ ಪಟ್ಟಿ ಮುಂದಿಟ್ಟ. ಟೋಪಿ ತೆಗೆಯೋಣ, 'ನ್' ಬಿಡೋಣ, ಗುಣವಾಚಕ ಬದಲಾಗುವುದು ಬೇಡ. ಎಸ್ಪೆರಾಂಟೊ ಪತ್ರಿಕೆಯ ಚಂದಾದಾರರ ಮುಂದೆ ಮತಕ್ಕೆ ಹಾಕಿದರು. 264 ಮತಗಳಲ್ಲಿ 157 ಯಾವ ಬದಲಾವಣೆಯೂ ಬೇಡ ಎಂದವು. ಭಾಷೆ ಕಟ್ಟಿದವನೇ ತಿದ್ದಲು ಸಿದ್ಧನಿದ್ದ, ಬಳಸುವವರು ಬೇಡವೆಂದರು. ಆ ಹೊತ್ತಿಗೆ ಅವರು ಅದರಲ್ಲಿ ಕಾಗದ ಬರೆದಿದ್ದರು, ಸ್ನೇಹ ಮಾಡಿದ್ದರು, ಪದ್ಯ ಕಟ್ಟಿದ್ದರು. ಎಸ್ಪೆರಾಂಟೊ ನಿಜವಾಗಿ ಭಾಷೆಯಾದದ್ದು 1887ರಲ್ಲಲ್ಲ, ಈ ಮತದಾನದ ದಿನ ಎಂದೇ ನನಗೆ ಅನ್ನಿಸುತ್ತದೆ.

ಅವರ ಹೆದರಿಕೆಗೂ ಕಾರಣವಿತ್ತು. ಇದಕ್ಕೂ ಮುಂಚೆ ಜರ್ಮನಿಯ ಪಾದ್ರಿ ಶ್ಲೇಯರ್ ಕಟ್ಟಿದ ವೊಲಾಪ್ಯೂಕ್ ಭಾಷೆ ಯುರೋಪಿನ ತುಂಬ ಹಬ್ಬಿತ್ತು. ತಿದ್ದುಪಡಿ ಯಾರ ಕೈಲಿರಬೇಕು ಎಂಬ ಜಗಳದಲ್ಲಿ ಕೆಲವೇ ವರ್ಷಗಳಲ್ಲಿ ಅದು ಕುಸಿದುಬಿತ್ತು. ಕಲಿತವರ ಶ್ರಮವೆಲ್ಲ ನೀರುಪಾಲಾಯಿತು.

1905ರಲ್ಲಿ ಫ್ರಾನ್ಸಿನ ಬುಲೋನ್‌ನಲ್ಲಿ ಮೊದಲ ಜಾಗತಿಕ ಸಮಾವೇಶ ನಡೆಯಿತು. ಹದಿನಾರು ನಿಯಮ, ಅಭ್ಯಾಸ ಪಾಠಗಳು, ಮೂಲ ಪದಕೋಶ ಸೇರಿದ 'ಫುಂದಮೆಂತೊ' ಭಾಷೆಯ ತಳಹದಿ, ಅದನ್ನು ಯಾರೂ ಮುಟ್ಟುವಂತಿಲ್ಲ, ಜಾಮೆನ್‌ಹಾಫ್ ಕೂಡ ಮುಟ್ಟುವಂತಿಲ್ಲ ಎಂದು ಒಪ್ಪಿಕೊಂಡರು. ಇದನ್ನು ಮಡಿವಂತಿಕೆ ಎಂದು ಹಳಿಯುವವರು ಅದರ ಮುನ್ನುಡಿ ಓದಬೇಕು. ಹೊಸ ಪದ, ಹೊಸ ರೂಪ ಹಳೆಯದರ ಪಕ್ಕದಲ್ಲಿ ಬರಬಹುದು, ಆದರೆ ಹಳೆಯದು ತಪ್ಪಾಗುವುದಿಲ್ಲ. ಬಾಗಿಲು ತೆರೆದೇ ಇತ್ತು, ಗೋಡೆ ಒಡೆಯುವುದಕ್ಕೆ ಮಾತ್ರ ಅಡ್ಡಿ.

ಎರಡೇ ವರ್ಷಕ್ಕೆ ದೊಡ್ಡ ಪೆಟ್ಟು ಬಿತ್ತು. ಯಾವ ಕಟ್ಟಿದ ಭಾಷೆ ಒಳ್ಳೆಯದು ಎಂದು ನಿರ್ಧರಿಸಲು ಫ್ರೆಂಚ್ ತತ್ವಶಾಸ್ತ್ರಜ್ಞ ಲೂಯಿ ಕುಟುರಾ ಮುಂದಾಳತ್ವದ ಸಂಘವೊಂದು 1907ರಲ್ಲಿ ಪ್ಯಾರಿಸ್‌ನಲ್ಲಿ ಸಮಿತಿ ಕೂಡಿಸಿತು. ರಸಾಯನ ವಿಜ್ಞಾನಿ ಓಸ್ಟ್‌ವಾಲ್ಡ್, ಡೆನ್ಮಾರ್ಕಿನ ಭಾಷಾತಜ್ಞ ಯೆಸ್ಪರ್ಸನ್ ಅಲ್ಲಿದ್ದರು. ಹೆಸರಿಲ್ಲದ ಒಂದು ಕರಡು ಅವರ ಮುಂದೆ ಬಂತು. ತಾತ್ವಿಕವಾಗಿ ಎಸ್ಪೆರಾಂಟೊವೇ ಸರಿ, ಆದರೆ ಈ ಕರಡಿನ ದಾರಿಯಲ್ಲಿ ತಿದ್ದಬೇಕು ಎಂದು ತೀರ್ಮಾನವಾಯಿತು. ಎಸ್ಪೆರಾಂಟೊ ಪರವಾಗಿ ಮಾತಾಡಲು ಬಂದಿದ್ದ ಬೋಫ್ರಾನೇ ಆ ಕರಡು ತನ್ನದೆಂದು ಮುಂದಿನ ವರ್ಷ ಹೇಳಿಕೊಂಡ. ಒಳಗೆ ಏನು ನಡೆಯಿತು ಎಂಬುದರ ಬಗ್ಗೆ ಇಂದಿಗೂ ಎರಡು ಕಥೆಗಳಿವೆ. ಎರಡೂ ಕಡೆ ಭಾಷೆಯನ್ನು ಪ್ರೀತಿಸುವವರೇ ಇದ್ದರು.

ಹಾಗೆ ಹುಟ್ಟಿದ್ದು 'ಇಡೊ'. ಟೋಪಿ ಹೋಯಿತು, ಗುಣವಾಚಕ ಬದಲಾಗುವುದು ನಿಂತಿತು, ಕರ್ಮಪದ ಮುಂದೆ ಬಂದಾಗ ಮಾತ್ರ 'ನ್' ಉಳಿಯಿತು. ಈಗ ಕೇಳುತ್ತಿರುವ ಪ್ರಶ್ನೆಗೂ ಅದರಲ್ಲಿ ಉತ್ತರವಿತ್ತು. ಗಂಡು ಹೆಣ್ಣು ಎನ್ನದೆ ಹೇಳಲು 'ಲು' ಎಂಬ ಸರ್ವನಾಮ ಇಟ್ಟರು. ಎಸ್ಪೆರಾಂಟೊದಲ್ಲಿ 'ಪಾತ್ರೊ' ಅಪ್ಪ, 'ಪಾತ್ರಿನೊ' ಅಮ್ಮ, ಅಂದರೆ ಅಪ್ಪನಿಗೆ ಪ್ರತ್ಯಯ ಹಚ್ಚಿ ಅಮ್ಮನನ್ನು ಮಾಡಬೇಕು. ಇಡೊ 'ಮಾತ್ರೊ' ಎಂಬ ಬೇರೆ ಪದವನ್ನೇ ಕೊಟ್ಟಿತು. ಇಡೊದವರ ಆಕ್ಷೇಪಗಳಲ್ಲಿ ಹೆಚ್ಚಿನವು ನ್ಯಾಯವಾದವೇ. ಮುಖಂಡರಲ್ಲಿ ಹಲವರು ಆ ಕಡೆ ಹೋದರು, ಸಾಮಾನ್ಯ ಬಳಕೆದಾರರು ಬಹುಪಾಲು ಕದಲಲಿಲ್ಲ. ತಿದ್ದುವವರಿಗೆ ತಿದ್ದುವುದು ಮುಗಿಯಲೂ ಇಲ್ಲ. 1914ರಲ್ಲಿ ಕುಟುರಾ ಅಪಘಾತದಲ್ಲಿ ತೀರಿಕೊಂಡ. 1928ರಲ್ಲಿ ಯೆಸ್ಪರ್ಸನ್ ತನ್ನದೇ 'ನೋವಿಯಲ್' ಎಂಬ ಇನ್ನೊಂದು ಭಾಷೆ ಪ್ರಕಟಿಸಿದ.

ಆಮೇಲೆ ಎರಡು ಮಹಾಯುದ್ಧ, ಹಿಟ್ಲರ್ ಮತ್ತು ಸ್ಟಾಲಿನ್ ಇಬ್ಬರ ಕಾಲದಲ್ಲೂ ನಡೆದ ಎಸ್ಪೆರಾಂಟೊದವರ ಬೇಟೆ, ಜಾಮೆನ್‌ಹಾಫನ ಮೂವರು ಮಕ್ಕಳನ್ನೂ ನಾಜಿಗಳು ಕೊಂದದ್ದು, 1954ರಲ್ಲಿ ಯುನೆಸ್ಕೊ ಮನ್ನಣೆ. ಬೆಂಗಳೂರಿನಲ್ಲೂ 2008ರಲ್ಲಿ ಏಷ್ಯಾ ಸಮಾವೇಶ ನಡೆಯಿತು.

ಈ ನಡುವೆ ಜಗಳ ಪದಗಳತ್ತ ತಿರುಗಿತು. 'ಮಾಲ್‌ಸಾನುಲೆಯೊ' ಇರುವಾಗ 'ಹೊಸ್ಪಿತಾಲೊ' ಯಾಕೆ? ಯುರೋಪಿನವರಿಗೆ ಎರಡನೆಯದು ಕಲಿಯದೆಯೇ ಗೊತ್ತು. ಚೀನಾದವರಿಗೆ ಅದು ಇನ್ನೊಂದು ಬಾಯಿಪಾಠ, ಮೊದಲನೆಯದಾದರೆ ತಾವೇ ಕಟ್ಟಿಕೊಳ್ಳಬಹುದು. ಎಲ್ಲರ ಭಾಷೆ ಎನ್ನುವಾಗ ಈ ಎರಡನೇ ಗುಂಪಿನ ಮಾತಿಗೆ ಜಾಸ್ತಿ ಬೆಲೆ ಸಿಗಬೇಕಿತ್ತು. ಈಗ ಎರಡೂ ಪದ ನಿಘಂಟಿನಲ್ಲಿವೆ. ಟೋಪಿಯ ತಕರಾರು ಮಾತ್ರ ಸುಮ್ನೆ ಕರಗಿಹೋಯಿತು, ಯೂನಿಕೋಡ್ ಬಂದ ಮೇಲೆ ಫೋನಿನಲ್ಲೇ ಬರೆಯಬಹುದು.

2015ರಲ್ಲಿ ಭಾಷೆ ಕಲಿಸುವ ಆ್ಯಪ್ ಡ್ಯುಯೊಲಿಂಗೊದಲ್ಲಿ ಪಾಠ ಶುರುವಾದ ಮೇಲೆ ಹೊಸಬರು ಹಿಂಡಾಗಿ ಬಂದರು. 'ರಿ' ಬಳಕೆಗೆ ಇದರಿಂದ ಬಲ ಬಂತು. ಗಂಡಸಿಗೂ ಹೆಂಗಸಿನಷ್ಟೇ ಸಮನಾಗಿ 'ಇಚ್' ಎಂಬ ಪ್ರತ್ಯಯ ಹಚ್ಚೋಣ ಎನ್ನುವವರೂ ಇದ್ದಾರೆ. ಹಿಂದೆ ಗಂಡಸನ್ನೇ ಹೇಳುತ್ತಿದ್ದ ಎಷ್ಟೋ ವೃತ್ತಿಪದಗಳು ಯಾರೂ ಅಪ್ಪಣೆ ಕೊಡದೆಯೇ ಇಬ್ಬರಿಗೂ ಸಲ್ಲುವ ಹಾಗಾಗಿವೆ. 1905ರ ಮುನ್ನುಡಿಯ ಪ್ರಕಾರ 'ರಿ' ಹಳೆಯದರ ಪಕ್ಕದಲ್ಲಿ ನಿಲ್ಲಬಹುದು, 'ಲಿ'ಯನ್ನಾಗಲಿ 'ಶಿ'ಯನ್ನಾಗಲಿ ಓಡಿಸುವಂತಿಲ್ಲ. ನಿಲ್ಲುವುದೋ ಇಲ್ಲವೋ ಎಂಬುದು ಅದನ್ನು ಆಡುವವರು ಎಷ್ಟು ಮಂದಿ ಎಂಬುದರ ಮೇಲಿದೆ.