ಮತ್ತಿನ ಗ್ಯಾಸಿಗಿಂತ ಹೊಟ್ಟೆಗೆ ತುಂಬುವ ಗ್ಯಾಸು

ತೂಕ ಇಳಿಸಲು ಲ್ಯಾಪರೋಸ್ಕೋಪಿ (ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಮಾಡುವ) ಆಪರೇಷನ್ನಿಗೆ ಬರುವವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇರುತ್ತವೆ. ಕಿಡ್ನಿಯ ಬಗ್ಗೆ ಮೊದಲೇ ಅಂಜಿಕೆ. "ಡಾಕ್ಟ್ರೇ, ಗ್ಯಾಸ್ ಕೊಟ್ಟು ಮತ್ತು ಬರಿಸಿದರೆ ಕಿಡ್ನಿ ಕೆಡುತ್ತಂತೆ, ಹೌದಾ?" ಅರಿವಳಿಕೆ ಕೊಡುವ ನನಗೆ ಈ ಪ್ರಶ್ನೆ ಹೊಸದಲ್ಲ.

ಈ ಹೆದರಿಕೆಗೆ ಹಳೆಯ ಬೇರಿದೆ. 1960ರ ದಶಕದಲ್ಲಿ ಮಿಥಾಕ್ಸಿಫ್ಲುರೇನ್ ಎಂಬ ಅರಿವಳಿಕೆ ಬಳಕೆಯಲ್ಲಿತ್ತು. ದೇಹದಲ್ಲಿ ಅದು ಒಡೆದಾಗ ಫ್ಲೋರೈಡ್ ಹೊರಬಿದ್ದು, ಮೂತ್ರವನ್ನು ಗಟ್ಟಿಯಾಗಿಸುವ ಶಕ್ತಿಯನ್ನೇ ಕಿಡ್ನಿ ಕಳೆದುಕೊಳ್ಳುತ್ತಿತ್ತು. ಕೆಲವರು ನೀರಿನಂಥ ಮೂತ್ರವನ್ನು ಲೀಟರುಗಟ್ಟಲೆ ಮಾಡುತ್ತಲೇ ಕಿಡ್ನಿ ವೈಫಲ್ಯಕ್ಕೆ ಜಾರಿದರು. ಆ ಔಷಧ ಆಪರೇಷನ್ ಥಿಯೇಟರಿನಿಂದ ಹೋಯಿತು, ಅನುಮಾನ ಉಳಿಯಿತು. ಈಗಿನ ಅರಿವಳಿಕೆ ಗ್ಯಾಸ್ ಸೀವೋಫ್ಲುರೇನ್ ಕೂಡ ಫ್ಲೋರೈಡ್ ಬಿಡುತ್ತದೆ ನಿಜ. ಆದರೆ ಅದರಲ್ಲಿ ಒಡೆಯುವುದು ನೂರಕ್ಕೆ 2ರಿಂದ 5 ಭಾಗ, ಅದೂ ಹೆಚ್ಚಾಗಿ ಯಕೃತ್ತಿನಲ್ಲಿ. ಉಳಿದದ್ದು ಉಸಿರಿನೊಡನೆ ಹೊರಟುಹೋಗುತ್ತದೆ. ರೋಗಿ ಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರಲು ಅರಿವಳಿಕೆ ಯಂತ್ರದಲ್ಲಿಟ್ಟ ಸುಣ್ಣಕ್ಕೆ ತಾಗಿ ಅದರಿಂದ ಹುಟ್ಟುವ 'ಕಾಂಪೌಂಡ್ ಎ' ಇಲಿಗಳ ಕಿಡ್ನಿಯನ್ನು ಕೆಡಿಸಿತ್ತು, ಮನುಷ್ಯರ ಕಿಡ್ನಿಯನ್ನಲ್ಲ. ಇನ್ನೊಂದು ಅರಿವಳಿಕೆ ಗ್ಯಾಸ್ ಡೆಸ್ಫ್ಲುರೇನ್ ಒಡೆಯುವುದಂತೂ ನೂರಕ್ಕೆ 0.02ರಷ್ಟು. ಗ್ಯಾಸೋ, ರಕ್ತನಾಳಕ್ಕೆ ಹರಿಸುವ ಪ್ರೊಪೊಫಾಲೋ ಎಂದು ತೀರ್ಮಾನಿಸುವಾಗ ನಾನು ನೋಡುವುದು ವಾಂತಿಯ ಭಯ, ಬೇಗ ಎಚ್ಚರವಾಗುವುದು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಇವನ್ನು.

ಕಿಡ್ನಿಯನ್ನು ನಿಜವಾಗಿ ಒತ್ತುವುದು ಇನ್ನೊಂದು ಗ್ಯಾಸು. ಕ್ಯಾಮೆರಾ ಓಡಾಡಲು ಜಾಗವಾಗಲಿ ಎಂದು ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ, ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ. ಕಿಡ್ನಿಯಿಂದ ರಕ್ತ ಮರಳುವ ಅಭಿಧಮನಿಗಳಲ್ಲಿ ಅಷ್ಟು ಒತ್ತಡವೇ ಇರುವುದಿಲ್ಲ, ಅವು ಅಮುಕಿಹೋಗುತ್ತವೆ. ಅದರ ಜೊತೆಗೆ ಟೇಬಲ್ಲಿನ ತಲೆಯ ಕಡೆ ಎತ್ತಿರುವುದರಿಂದ ರಕ್ತ ಕಾಲಿನತ್ತ ಇಳಿಯುತ್ತದೆ. ನೀರು ಹಿಡಿದಿಡುವ ಹಾರ್ಮೋನುಗಳು ಏರುತ್ತವೆ. ಮೂತ್ರದ ಚೀಲಕ್ಕೆ ಹನಿ ಹನಿಯಷ್ಟೇ.

ಅದನ್ನು ಕಂಡು ಗಾಬರಿಯಾಗಿ ಬಾಟಲಿ ಮೇಲೆ ಬಾಟಲಿ ಸಲೈನ್ ಹರಿಸುವುದು ಹೊಸಬರ ಚಾಳಿ. ನಾನೂ ಹರಿಸಿದವನೇ. ಎಷ್ಟು ಸುರಿದರೂ ಮೂತ್ರ ಅದೇ ಲೆಕ್ಕಕ್ಕೆ ಹೆಚ್ಚುವುದಿಲ್ಲ. ಹೊಟ್ಟೆಯ ಗ್ಯಾಸ್ ಹೊರಬಿಟ್ಟ ಮೇಲೆ ಮೂತ್ರ ಸಾಮಾನ್ಯವಾಗಿ ತಾನೇ ಮರಳುತ್ತದೆ. ಅದಕ್ಕಿಂತ ಸರಾಸರಿ ರಕ್ತದೊತ್ತಡ 65ರ ಕೆಳಗೆ ಇಳಿಯದಂತೆ, ಹಳೆಯ ಬಿಪಿ ರೋಗಿಯಾದರೆ ಅದಕ್ಕೂ ಮೇಲೆಯೇ, ಕಾಯುವುದು ಮುಖ್ಯ. ಅರಿವಳಿಕೆಯ ಆಯ್ಕೆ ಕಿಡ್ನಿಗೆ ತಟ್ಟುವುದು ಇಲ್ಲಿ: ಯಾವ ಮದ್ದು ಎನ್ನುವುದಕ್ಕಿಂತ ಎಷ್ಟು, ಎಷ್ಟು ವೇಗವಾಗಿ. ಬೆಳಿಗ್ಗೆ ಲೋಸಾರ್ಟನ್ ಎಂಬ ಬಿಪಿ ಮಾತ್ರೆ ನುಂಗಿ ಬಂದವರಿಗೆ ಪ್ರೊಪೊಫಾಲ್ ಸರಕ್ಕನೆ ಕೊಟ್ಟರೆ ಬಿಪಿ ಪಾತಾಳಕ್ಕಿಳಿಯುತ್ತದೆ. ಆ ಗುಂಪಿನ ಮಾತ್ರೆಗಳನ್ನು ಹಿಂದಿನ ದಿನವೇ ನಿಲ್ಲಿಸಲು ಹೇಳುವುದು ಇದಕ್ಕೇ. ಸ್ನಾಯುಗಳನ್ನು ಚೆನ್ನಾಗಿ ಸಡಿಲಿಸಿದರೆ ಸರ್ಜನ್ ಕಡಿಮೆ ಒತ್ತಡದಲ್ಲೂ ಕೆಲಸ ಮುಗಿಸಬಹುದು. ಒತ್ತಡ ತಗ್ಗಿಸಿ ಎಂದು ಅವರನ್ನು ಕೇಳಲು ನಾನು ಸಂಕೋಚಪಡುವುದಿಲ್ಲ. ಕಿಡ್ನಿ ಮೊದಲೇ ಸೋತಿದ್ದರೆ ನೋವಿಗೆ ಡೈಕ್ಲೋಫೆನಾಕ್ ಬೇಡವೇ ಬೇಡ.

ಆಮೇಲಿನ ದಿನಗಳಲ್ಲಿ, ಆಪರೇಷನ್ನಿನಿಂದ ಕಿರಿದಾದ ಹೊಟ್ಟೆಗೆ ಗುಟುಕು ಗುಟುಕಾಗಿಯಷ್ಟೇ ನೀರು ಇಳಿಯುತ್ತದೆ. ನಾಲ್ಕನೇ ದಿನ ತಲೆಸುತ್ತು ಎಂದು ಫೋನ್ ಮಾಡುವವರನ್ನು ನಾನು ಮೊದಲು ಕೇಳುವುದು ಇಷ್ಟೇ: ಇವತ್ತು ಎಷ್ಟು ನೀರು ಕುಡಿದಿರಿ, ಮೂತ್ರ ಹೋಗಿಸುವ ಮಾತ್ರೆ ಇನ್ನೂ ನುಂಗುತ್ತಿದ್ದೀರಾ?