33 ವರ್ಷ ಆಗಿದೆ, ಈಗ ನರ್ಸಿಂಗ್ ಓದಬಹುದಾ?

ಪ್ರಶ್ನೆ: "ನನಗೆ 33 ವರ್ಷ. ಪಿಯುಸಿ ಆರ್ಟ್ಸ್ ಮುಗಿದ ಮೇಲೆ ಮದುವೆಯಾಯಿತು. ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಕೆಲವು ವರ್ಷಗಳಿಂದ ನಮ್ಮೂರಿನ ಚಿಕ್ಕ ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಬಿಪಿ ನೋಡುವುದು, ಡ್ರೆಸ್ಸಿಂಗ್ ಮಾಡುವುದು ಬರುತ್ತದೆ. ಕೆಲಸ ಬಿಡದೆ ನರ್ಸಿಂಗ್ ಓದಿ ನಿಜವಾದ ನರ್ಸ್ ಆಗಬಹುದಾ?"

ನರ್ಸ್ ಆಗಬಹುದು. ಆದರೆ ಕೆಲಸ ಬಿಡದೆ ಓದುವುದು ಆಗುವುದಿಲ್ಲ. ಜೊತೆಗೆ ನಿಮ್ಮ ಕೈಯಲ್ಲಿ ಜಾಸ್ತಿ ಸಮಯವೂ ಇಲ್ಲ.

ಸಮಯದ ಮಾತು ಮೊದಲು. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದಲ್ಲಿ ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಡಿಪ್ಲೊಮಾ ಜಿಎನ್‌ಎಂ, ಡಿಗ್ರಿಯಾದ ಬಿ.ಎಸ್ಸಿ ನರ್ಸಿಂಗ್, ಈ ಮೂರು ಕೋರ್ಸ್‌ಗೂ ಸೇರಲು ಕನಿಷ್ಠ ವಯಸ್ಸು 17, ಗರಿಷ್ಠ 35. ಪ್ರವೇಶ ವರ್ಷಕ್ಕೆ ಒಂದೇ ಸಲ. "ಮಗನ ಹತ್ತನೇ ಕ್ಲಾಸ್ ಮುಗಿಯಲಿ, ಆಮೇಲೆ ನೋಡೋಣ" ಎಂದರೆ ಬಾಗಿಲು ಮುಚ್ಚಿರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ಹುಟ್ಟಿದ ತಾರೀಖು ನೋಡಿಕೊಳ್ಳಿ. ಮಿಕ್ಕಿದ್ದೆಲ್ಲ ಆ ತಾರೀಖಿನ ಮೇಲೆ ನಿಂತಿದೆ.

ಆರ್ಟ್ಸ್ ಓದಿದವರಿಗೆ ನರ್ಸಿಂಗ್ ಸಿಗುವುದಿಲ್ಲ ಎಂದು ತುಂಬಾ ಜನ ನಂಬಿಕೊಂಡಿದ್ದಾರೆ. ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ಹೆಣ್ಣುಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಬಿ.ಎಸ್ಸಿ ನರ್ಸಿಂಗ್‌ಗೆ ಮಾತ್ರ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು. ಮೂರೂ ಸೇರಿ ಶೇ 45 ಅಂಕ ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40. ನಮ್ಮಲ್ಲಿ ಅದರ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯನ್ನೂ ಬರೆಯಬೇಕು. ಜಿಎನ್‌ಎಂಗೆ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ. ಒಟ್ಟು ಶೇ 40 ಅಂಕ ಇರಬೇಕು, ಇಂಗ್ಲಿಷ್‌ನಲ್ಲಿ ಪಾಸಾಗಿರಬೇಕು. ಅಂದರೆ ನಿಮ್ಮ ಪಿಯುಸಿಯೇ ಸಾಕು.

ನಿಮಗೆ ನಾನು ಹೇಳುವುದು ಜಿಎನ್‌ಎಂ. ಪೂರ್ತಿ ಹೆಸರು ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಮೂರು ವರ್ಷದ ಡಿಪ್ಲೊಮಾ. ಮುಗಿಸಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದರೆ ನೀವು ನರ್ಸ್ ಮತ್ತು ಸೂಲಗಿತ್ತಿ ಎರಡೂ ಆಗಿ ಕೆಲಸ ಮಾಡಬಹುದು. ಮುಂದೆ ಡಿಗ್ರಿ ಬೇಕು ಅನಿಸಿದರೆ ಜಿಎನ್‌ಎಂ ಆದವರಿಗೆಂದೇ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ನರ್ಸಿಂಗ್ ಇದೆ. ಆರ್ಟ್ಸ್ ಓದಿದವರು ಹೀಗೆ ಸುತ್ತಿ ಬಂದು ಡಿಗ್ರಿ ಪಡೆಯಬಹುದು. ಆಮೇಲೆ ಎಂ.ಎಸ್ಸಿಗೂ ದಾರಿ ಉಂಟು.

ಕೆಲವರು ವಿಜ್ಞಾನದಲ್ಲಿ ಮತ್ತೆ ಪಿಯುಸಿ ಮಟ್ಟದ ಪರೀಕ್ಷೆ ಬರೆದು ನೇರವಾಗಿ ಬಿ.ಎಸ್ಸಿಗೇ ಹೋಗುತ್ತೇನೆ ಎನ್ನುತ್ತಾರೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ ಅದು ಸಾಧ್ಯ. ಅಲ್ಲಿ ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಪರೀಕ್ಷೆ ವರ್ಷಕ್ಕೆ ಎರಡು ಸಲ. ವಿಜ್ಞಾನದ ವಿಷಯಗಳು ಮತ್ತು ಇಂಗ್ಲಿಷ್ ಇದ್ದರೆ ನರ್ಸಿಂಗ್ ಕೌನ್ಸಿಲ್ ಅದನ್ನು ಒಪ್ಪುತ್ತದೆ. ನಿಮಗೆ 24, 25 ಆಗಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. 33ಕ್ಕೆ ಬೇಡ. ಒಂದು ವಿಷಯದಲ್ಲಿ ಫೇಲಾದರೂ 35 ದಾಟಿಬಿಡಬಹುದು. ಪಿಯುಸಿ ಮುಗಿಸದೆ ಎಸ್ಸೆಸ್ಸೆಲ್ಸಿಗೇ ನಿಂತವರ ಕಥೆ ಬೇರೆ. ಅವರು ಎನ್‌ಐಒಎಸ್‌ನಲ್ಲಿ ಸುಲಭ ಅನಿಸುವ ವಿಷಯಗಳ ಜೊತೆ ಇಂಗ್ಲಿಷ್ ಇಟ್ಟುಕೊಂಡು 12ನೇ ತರಗತಿ ಪಾಸಾಗಿ ಜಿಎನ್‌ಎಂಗೆ ಬರಬಹುದು.

ಎಎನ್‌ಎಂ ಎರಡು ವರ್ಷದ ಕೋರ್ಸ್, ಹೆಂಗಸರಿಗೆ ಮಾತ್ರ. ಗಂಡಸರಿಗೆ ಜಿಎನ್‌ಎಂ ಮತ್ತು ಬಿ.ಎಸ್ಸಿ ಇವೆ. ಹಳ್ಳಿಯ ಉಪಕೇಂದ್ರದಲ್ಲಿ ಗರ್ಭಿಣಿಯರನ್ನು, ಮಕ್ಕಳ ಲಸಿಕೆಯನ್ನು ನೋಡಿಕೊಳ್ಳುವ ಸಿಸ್ಟರ್ ಇದ್ದಾರಲ್ಲ, ಅದು ಎಎನ್‌ಎಂ ಓದಿದವರ ಕೆಲಸ. ನಿಮ್ಮ ಮನಸ್ಸು ಅಂಥ ಕೆಲಸದ ಕಡೆ ಇದ್ದರೆ ಇದನ್ನೂ ಯೋಚಿಸಿ. ಇದರಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಅನುಕೂಲವೂ ಇದೆ. ಎಎನ್‌ಎಂ ಆಗಿ ನೋಂದಣಿ ಮಾಡಿಸಿಕೊಂಡವರು ಮುಂದೆ ಜಿಎನ್‌ಎಂಗೆ ಸೇರುವಾಗ ಕೌನ್ಸಿಲ್ ನಿಯಮದಲ್ಲಿ 35ರ ಮಿತಿ ಇಲ್ಲ.

ಇನ್ನು ಕೆಲಸ ಬಿಡದೆ ಓದುವ ಮಾತು. ಜಿಎನ್‌ಎಂ ಆಗಲಿ, ಬಿ.ಎಸ್ಸಿ ನರ್ಸಿಂಗ್ ಆಗಲಿ, ಸಂಜೆ ಕಾಲೇಜಿನಲ್ಲೋ ಅಂಚೆ ಮೂಲಕವೋ ಓದುವ ಕೋರ್ಸ್ ಅಲ್ಲ. ಬೆಳಗ್ಗೆ ವಾರ್ಡ್, ಆಮೇಲೆ ಕ್ಲಾಸ್. ಸರದಿ ಬಂದಾಗ ನೈಟ್ ಡ್ಯೂಟಿ. ಥಿಯರಿಗೆ ಶೇ 80 ಹಾಜರಿ ಬೇಕು. ಆಸ್ಪತ್ರೆ ತರಬೇತಿಯಲ್ಲಿ ಶೇ 100. ತಪ್ಪಿಸಿದ ಡ್ಯೂಟಿಯನ್ನು ಮತ್ತೆ ಮಾಡಿಕೊಡಲೇಬೇಕು.

"ಕ್ಲಾಸಿಗೆ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು, ಹಾಜರಿ ನಾವು ನೋಡಿಕೊಳ್ಳುತ್ತೇವೆ" ಎನ್ನುವ ಏಜೆಂಟ್‌ಗಳು ಸಿಗುತ್ತಾರೆ. ದಯವಿಟ್ಟು ಅವರ ಹತ್ತಿರ ಹೋಗಬೇಡಿ. ನಿಮ್ಮ ದುಡ್ಡು ಹೋಗುವುದಷ್ಟೇ ಅಲ್ಲ, ಅದಕ್ಕಿಂತ ದೊಡ್ಡ ಕಾರಣ ಇದೆ. ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್ ಅನ್ನು ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಕೊಟ್ಟರೆ ಔಷಧ. ಹಾಗೇ ನೇರವಾಗಿ ನರಕ್ಕೆ ಚುಚ್ಚಿದರೆ ಹೃದಯ ನಿಂತುಹೋಗಬಹುದು. ಮಗುವಿಗೆ ಕೊಡುವ ಡೋಸನ್ನು ಅದರ ತೂಕ ನೋಡಿ ಲೆಕ್ಕ ಹಾಕಬೇಕು. ಹೆರಿಗೆಯಾದ ತಾಯಿಗೆ ರಕ್ತ ಎಷ್ಟು ಹೋದರೆ ಸಹಜ, ಯಾವಾಗ ಡಾಕ್ಟರನ್ನು ಕೂಗಬೇಕು ಎನ್ನುವುದು ಕಣ್ಣಿಗೆ ಅಭ್ಯಾಸವಾಗಬೇಕು. ಸೀನಿಯರ್ ಸಿಸ್ಟರ್ ಪಕ್ಕದಲ್ಲಿ ನಿಂತು ಇದನ್ನೆಲ್ಲ ಕಲಿಯುವುದಕ್ಕೇ ಆ ಮೂರು ವರ್ಷ.

ನರ್ಸಿಂಗ್ ಹೋಮ್‌ನ ಅನುಭವದಿಂದ ಸೀಟು ಸಿಗುವುದಿಲ್ಲ, ಕೋರ್ಸ್‌ನ ಅವಧಿಯೂ ಕಡಿಮೆಯಾಗುವುದಿಲ್ಲ. ಇದನ್ನು ಹೇಳಲು ನನಗೆ ಬೇಜಾರಾಗುತ್ತದೆ. ನಿಮ್ಮ ಹಾಗೆ ವರ್ಷಗಟ್ಟಲೆ ದುಡಿದು, ಊರವರಿಂದ ಸಿಸ್ಟರ್ ಎಂದು ಕರೆಸಿಕೊಂಡು, ಕಾಗದದಲ್ಲಿ ಮಾತ್ರ ಏನೂ ಆಗದೆ ಉಳಿದವರು ಬಹಳ. ಆದರೆ ಆ ಅನುಭವ ದಂಡವಾಗುವುದಿಲ್ಲ. ರಕ್ತ ಕಂಡರೆ ತಲೆ ಸುತ್ತುವ ಹದಿನೆಂಟರ ಹುಡುಗಿಯರ ನಡುವೆ ನೀವು ಮೊದಲ ದಿನವೇ ರೋಗಿಯ ಹತ್ತಿರ ಧೈರ್ಯವಾಗಿ ನಿಲ್ಲುತ್ತೀರಿ.

ನಿಮಗೆ ಕಷ್ಟ ಅನಿಸುವುದು ಇಂಗ್ಲಿಷ್ ಮತ್ತು ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ. ಈಗಿನಿಂದಲೇ ಎಂಟರಿಂದ ಹತ್ತನೇ ತರಗತಿವರೆಗಿನ ವಿಜ್ಞಾನ ಪುಸ್ತಕದ ಜೀವಶಾಸ್ತ್ರದ ಪಾಠಗಳನ್ನು ಕನ್ನಡದಲ್ಲೇ ಓದಿ, ಆಮೇಲೆ ಅದೇ ಪಾಠವನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಿ. ಮನೆಯಲ್ಲಿ ಮಕ್ಕಳ ಪುಸ್ತಕ ಇರಬಹುದು, ಅಲ್ವಾ? ದಿನವೂ ನೋಡುವ ಕೇಸ್ ಶೀಟ್‌ನಲ್ಲಿ ಗೊತ್ತಿಲ್ಲದ ಪದ ಕಂಡರೆ ಬರೆದಿಟ್ಟುಕೊಂಡು ಡಾಕ್ಟರನ್ನು ಕೇಳಿ.

ಯಾವ ಕಾಲೇಜಿಗೆ ಹೋದರೂ ದುಡ್ಡು ಕಟ್ಟುವ ಮೊದಲು ಎರಡು ವಿಷಯ ಕೇಳಿ. ಕೋರ್ಸ್ ಮುಗಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತದಾ? ವಿದ್ಯಾರ್ಥಿಗಳು ಯಾವ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತಾರೆ? ಎರಡನೆಯದಕ್ಕೆ ಉತ್ತರ ಸಿಕ್ಕರೆ ಆ ಆಸ್ಪತ್ರೆಗೇ ಹೋಗಿ ನೋಡಿ. ಯೂನಿಫಾರ್ಮ್ ಹಾಕಿದ ವಿದ್ಯಾರ್ಥಿಗಳು ವಾರ್ಡ್‌ನಲ್ಲಿ ಕಾಣಬೇಕು. ಜಿಎನ್‌ಎಂ ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಆರು ತಿಂಗಳಿನ "ನರ್ಸಿಂಗ್" ಸರ್ಟಿಫಿಕೇಟ್‌ಗಳಿಂದ ನೋಂದಣಿ ಆಗುವುದಿಲ್ಲ. ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಬೇರೆ. ರೋಗಿಯ ಆರೈಕೆಯಲ್ಲಿ ಸಹಾಯಕರಾಗಿ ದುಡಿಯುವ ಮರ್ಯಾದೆಯ ಕೆಲಸ ಅದು, 35 ದಾಟಿದವರಿಗೆ ಒಳ್ಳೆಯದು. ಆದರೆ ಅದನ್ನು ನರ್ಸಿಂಗ್ ಎಂದು ಹೇಳಿ ಮಾರಿದರೆ ಮೋಸ.

ಓದು ಮುಗಿಯುವಾಗ ನಿಮಗೆ 36, 37. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಸಾಮಾನ್ಯವಾಗಿ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಾದ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ 1ಕ್ಕೆ 40. ವಿಧವೆಯರಿಗೆ ಇನ್ನೂ 10 ವರ್ಷ ಸಡಿಲಿಕೆ ಇದೆ. ಆಗಾಗ ಸರ್ಕಾರ ಒಂದು ಸಲಕ್ಕೆ ಎಂದು ಮಿತಿ ಏರಿಸುವುದೂ ಉಂಟು, ಆದರೆ ಅದನ್ನೇ ನೆಚ್ಚಿಕೊಂಡು ಸೇರಬೇಡಿ. ನೀವು ಸಾಮಾನ್ಯ ವರ್ಗದವರಾದರೆ ಖಾಸಗಿ ಆಸ್ಪತ್ರೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿ. ಅಲ್ಲಿ ಶುರುವಿನ ಸಂಬಳ ಕಡಿಮೆ. ಖಾಸಗಿ ನರ್ಸ್‌ಗಳ ಸಂಬಳದ ವಿಷಯ 2016ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದು, ತಜ್ಞರ ಸಮಿತಿ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ಇವತ್ತಿಗೂ ಎಲ್ಲ ಕಡೆ ಅಷ್ಟು ಸಿಗುತ್ತಿಲ್ಲ. ಇದು ಅನ್ಯಾಯ. ನೀವು ತಿಳಿದೇ ಸೇರಬೇಕು ಎಂದು ಹೇಳುತ್ತಿದ್ದೇನೆ.

ಮೂರು ವರ್ಷ ನಿಮ್ಮ ಸಂಬಳ ಇಲ್ಲದೆ ಮನೆ ನಡೆಯುತ್ತದಾ, ನೈಟ್ ಡ್ಯೂಟಿ ಇದ್ದಾಗ ಮಕ್ಕಳ ಹತ್ತಿರ ಯಾರಿರುತ್ತಾರೆ ಎಂದು ಯಜಮಾನರ ಜೊತೆ, ಅತ್ತೆಯ ಜೊತೆ ಕೂತು ಮಾತಾಡಿ. ಸೇರಿದ ಮೇಲೆ ಅಲ್ಲ, ಈಗಲೇ. ದಿನವೂ ಓಡಾಡುವುದಾದರೆ ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿಯುತ್ತದೆ. ಮೀಸಲಾತಿ ವರ್ಗದವರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು.

ಈ ವಾರ ಜಿಲ್ಲಾ ಕೇಂದ್ರಕ್ಕೆ ಹೋಗಿ ಅಲ್ಲಿ ಸರ್ಕಾರಿ ನರ್ಸಿಂಗ್ ಶಾಲೆ ಇದೆಯಾ ಕೇಳಿ, ಇದ್ದರೆ ಜಿಎನ್‌ಎಂ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಪ್ರಾಂಶುಪಾಲರನ್ನೇ ವಿಚಾರಿಸಿ. ನರ್ಸಿಂಗ್ ಶಿಕ್ಷಣಕ್ಕೆ ಸಂಸತ್ತು 2023ರಲ್ಲಿ ಹೊಸ ಕಾಯ್ದೆ ಮಾಡಿದೆ, ಹಾಗಾಗಿ ನೀವು ಸೇರುವ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ವಯಸ್ಸು ಮತ್ತು ಅಂಕದ ನಿಯಮವನ್ನು ಸ್ವತಃ ಓದಿ. ಪಿಯುಸಿಯ ಮೂಲ ಅಂಕಪಟ್ಟಿ ಕಳೆದುಹೋಗಿದ್ದರೆ ನಕಲು ಪ್ರತಿಗೆ ಈಗಲೇ ಅರ್ಜಿ ಕೊಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆ ದಿನ ಹತ್ತಿರ ಬಂದಾಗ ಸರ್ವರ್ ಡೌನ್ ಎಂದರೆ ಒಂದು ವರ್ಷವೇ ಕೈತಪ್ಪಬಹುದು.